ಕಮರ್ಷಿಯಲ್ ಕೇಸಿಗೆ ವಕೀಲರನ್ನು ಹುಡುಕುವಾಗ ಅವರ ಹಿನ್ನೆಲೆಯಲ್ಲಿ ಏನು ನೋಡಬೇಕು?

ಪೀಣ್ಯ_ಲೇತ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಸಿಎನ್‌ಸಿ ಟರ್ನಿಂಗ್, ಮಿಲ್ಲಿಂಗ್ ಕೆಲಸ. ಹೊರರಾಜ್ಯದ ಒಂದು ಕಂಪನಿಗೆ ಪಾರ್ಟ್ಸ್ ಮಾಡಿ ಕಳಿಸಿ ಎರಡು ವರ್ಷದ ಮೇಲಾಯಿತು, 38 ಲಕ್ಷ ಬಾಕಿ ನಿಂತಿದೆ. ಮೊದಮೊದಲು "ಮುಂದಿನ ತಿಂಗಳು ಹಾಕ್ತೀವಿ" ಅನ್ನುತ್ತಿದ್ದರು. ಈಗ ಇದ್ದಕ್ಕಿದ್ದಂತೆ ಕ್ವಾಲಿಟಿ ಸರಿ ಇರಲಿಲ್ಲ ಅಂತ ರಾಗ ಬದಲಾಯಿಸಿದ್ದಾರೆ.

ಇಬ್ಬರು ವಕೀಲರನ್ನು ಭೇಟಿ ಮಾಡಿದ್ದೇನೆ. ಒಬ್ಬರು ಮೇಡಂ, ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಿದವರು, ಮುಂಬೈಯ ದೊಡ್ಡ ಲಾ ಫರ್ಮ್‌ನಲ್ಲಿದ್ದು ಈಗ ಇಲ್ಲಿ ಸ್ವಂತ ಆಫೀಸು ಮಾಡಿದ್ದಾರೆ. ಇನ್ನೊಬ್ಬರು ಹಿರಿಯರು, ಸಂಜೆ ಕಾಲೇಜಿನಲ್ಲಿ ಎಲ್‌ಎಲ್‌ಬಿ ಮಾಡಿ ಇಪ್ಪತ್ತು ವರ್ಷದಿಂದ ಸಿಟಿ ಸಿವಿಲ್ ಕೋರ್ಟಿನಲ್ಲೇ ಇರುವವರು. ಫೀಸಿನಲ್ಲಿ ಬಹಳ ಅಂತರ. ನಮ್ಮ ಭಾವ "ಫರ್ಮ್‌ನಲ್ಲಿ ಇದ್ದವರಿಗೇ ಕೊಡು, ಕಂಪನಿಗಳ ವ್ಯವಹಾರ ಅವರಿಗೆ ಗೊತ್ತು" ಅಂತಾರೆ. ಪಾರ್ಟ್ನರ್ "ಕೋರ್ಟು ಗೊತ್ತಿರೋರು ಬೇಕು" ಅಂತಾನೆ. ಬಯೋಡೇಟಾ ನೋಡಿ ನನಗೆ ಏನೂ ತಿಳಿಯುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಅರಳಿ

ನಾ ಹುಬ್ಬಳ್ಳಿಯಾಂವ, ಹತ್ತಿ ವ್ಯಾಪಾರ ನಮ್ದು. ನಮ್ಮ ಅನುಭವ ಹೇಳ್ತೇನ್ರಿ. ಹೊರಗಿನ ಪಾರ್ಟಿ ಮ್ಯಾಲೆ ದಾವಾ ಹಾಕಿದ್ವಿ. ನಮ್ಮ ವಕೀಲರು ಹೊಲಮನಿ ವಾಟ್ನಿ ಕೇಸಿನಾಗ ಭಾಳ ಹೆಸರು ಮಾಡಿದವರು, ಅವರ ಮ್ಯಾಲೆ ಇವತ್ತಿಗೂ ನಮಗ ಗೌರವ ಐತಿ. ಆದ್ರ ಕಾಗದಪತ್ರ ಮುಂದ ಹಾಕಿದ್ರಾತು ಅಂತ ಅರ್ಧ ಅಷ್ಟ ಹಾಕಿ ದಾವಾ ದಾಖಲ ಮಾಡಿದ್ರು. ಮುಂದ ಉಳಿದ ಕಾಗದ ಹಾಕಾಕ ಹೋದ್ರ, ಮೊದಲ ಯಾಕ ಹಾಕ್ಲಿಲ್ಲ ಅಂತ ಕೋರ್ಟ್ ಕಾರಣ ಕೇಳ್ತು. ಅದರ ಮ್ಯಾಲೇ ಎಷ್ಟು ಮುದ್ದತು ಹೋದ್ವು. ವಕೀಲರಿಗೆ ಎಷ್ಟು ವರ್ಷ ಆಗೇತಿ ಅನ್ನೋದಕ್ಕಿಂತ ಇದೇ ನಮೂನಿ ಕೇಸು ನಡಸ್ಯಾರೇನು ಅಂತ ಕೇಳ್ರಿ.

ಸಿವಿಲ್_ಸೈಡ್

ಪೀಣ್ಯ ಅವರೇ, ನಾನು ಬೆಂಗಳೂರಿನ ಕಮರ್ಷಿಯಲ್ ಕೋರ್ಟುಗಳಲ್ಲಿ ಪ್ರಾಕ್ಟೀಸ್ ಮಾಡುವ ವಕೀಲ. ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ನಿಜ, ಅದರ ಹಿಂದಿನ ಕಾರಣ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

2015ರ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಬಂದಾಗ ಒಂದು ಕೋಟಿ ಮೇಲಿನ ವ್ಯಾಜ್ಯಗಳಿಗಷ್ಟೇ ಅನ್ವಯಿಸುತ್ತಿತ್ತು. 2018ರ ತಿದ್ದುಪಡಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿತು. ಹಾಗಾಗಿ ನಿಮ್ಮಂಥ ಸಣ್ಣ ಉದ್ದಿಮೆಯ ಬಾಕಿಯೂ ಈಗ ಕಮರ್ಷಿಯಲ್ ದಾವೆಯೇ. ಮಾಮೂಲಿ ಸಿವಿಲ್ ದಾವೆಗೂ ಇದಕ್ಕೂ ನಡೆಯುವ ರೀತಿಯಲ್ಲೇ ವ್ಯತ್ಯಾಸವಿದೆ. ನಿಮ್ಮ ಕೈಯಲ್ಲಿರುವ ಎಲ್ಲ ದಾಖಲೆಗಳನ್ನು ದಾವೆಯ ಜೊತೆಗೇ ಹಾಕಬೇಕು, ಆಮೇಲೆ ಹಾಕಬೇಕಾದರೆ ಸಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಪ್ರತಿವಾದಿ ಸಮನ್ಸ್ ಜಾರಿಯಾದ 120 ದಿನದೊಳಗೆ ತಕರಾರು, ಅಂದರೆ ದಾವೆಗೆ ಲಿಖಿತ ಉತ್ತರ, ಹಾಕದಿದ್ದರೆ ಆ ಹಕ್ಕೇ ಹೋಯಿತು. ಇದನ್ನು ಸಡಿಲಿಸಲು ಬರುವುದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಮೆಮೊ ಹಾಕಿ ಟೈಮ್ ತಗೊಳ್ಳೋಣ" ಅನ್ನುವ ಅಭ್ಯಾಸದಲ್ಲಿ ಬೆಳೆದವರಿಗೆ ಇಲ್ಲಿ ಕಾಲು ಜಾರುತ್ತದೆ.

ಇನ್ನೊಂದು ಹಂತ ದಾವೆಗೂ ಮುಂಚಿನದು. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ 12ಎ ಕಲಂ ಪ್ರಕಾರ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ (ಮೀಡಿಯೇಷನ್, ಅಂದರೆ ರಾಜಿ ಮಾತುಕತೆ) ಹೋಗಲೇಬೇಕು. ಇದು ಕಡ್ಡಾಯ ಅಂತ 2022ರಲ್ಲಿ ಪಾಟೀಲ್ ಆಟೊಮೇಷನ್ ತೀರ್ಪು ಬಂತು. ಅದನ್ನು ಬಿಟ್ಟು ದಾವೆ ಹಾಕಿದರೆ ದಾವೆಯೇ ತಿರಸ್ಕಾರ. ಎದುರಿನವರು ಮಧ್ಯಸ್ಥಿಕೆಗೆ ಬರದಿದ್ದರೆ ಅಲ್ಲಿಂದ ಒಂದು ವರದಿ ಕೊಡುತ್ತಾರೆ, ಅದನ್ನು ಲಗತ್ತಿಸಿ ಮುಂದೆ ಹೋಗಬೇಕು. ನೀವು ನೋಡಿದ ಇಬ್ಬರಲ್ಲಿ ಯಾರು ಈ ವಿಷಯವನ್ನು ಮೊದಲ ಭೇಟಿಯಲ್ಲೇ ತಾವಾಗಿ ಎತ್ತಿದರು? ನನಗೆ ಅದು ಕಾಲೇಜಿನ ಹೆಸರಿಗಿಂತ ದೊಡ್ಡ ಗುರುತು.

ಇನ್ನು ಹಿನ್ನೆಲೆಯ ಮಾತು. ದೆಹಲಿ, ಮುಂಬೈ, ಮದ್ರಾಸ್, ಕಲ್ಕತ್ತಾ ಹೈಕೋರ್ಟುಗಳಿಗೆ ಒರಿಜಿನಲ್ ಸೈಡ್ ಇದೆ, ದೊಡ್ಡ ಮೊತ್ತದ ದಾವೆಗಳು ಅಲ್ಲೇ ಶುರುವಾಗುತ್ತವೆ. ನಮ್ಮ ಕರ್ನಾಟಕ ಹೈಕೋರ್ಟಿಗೆ ಅದಿಲ್ಲ. ನಿಮ್ಮ ದಾವೆ ಹುಟ್ಟುವುದು, ಸಾಕ್ಷಿ ಆಗುವುದು, ಡಿಕ್ರಿ (ಹಣ ಕೊಡಿ ಅನ್ನುವ ಕೋರ್ಟಿನ ಆದೇಶ) ಆಗುವುದು ಎಲ್ಲ ಕೆಳಗಿನ ಕೋರ್ಟಿನಲ್ಲಿ. ಹಾಗಾಗಿ ಫರ್ಮ್‌ಗಳಲ್ಲಿ ಬರೀ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಪಂಚರು ತೀರ್ಪು ಕೊಡುವುದು) ಮತ್ತು ಹೈಕೋರ್ಟಿನ ರಿಟ್ ಅರ್ಜಿ ಮಾಡಿಕೊಂಡು ಬಂದವರಿಗೆ, ಅವರು ಎಷ್ಟೇ ಬುದ್ಧಿವಂತರಿರಲಿ, ಪಾಟೀಸವಾಲಿನ (ಎದುರು ಸಾಕ್ಷಿಯನ್ನು ಪ್ರಶ್ನಿಸುವ) ಅಭ್ಯಾಸ ಕಡಿಮೆ ಇರುತ್ತದೆ.

ನಿಮ್ಮ ಕೇಸನ್ನೇ ತಗೊಳ್ಳಿ. ಅವರ ಪರ್ಚೇಸ್ ಮ್ಯಾನೇಜರ್ ಸಾಕ್ಷಿಕಟ್ಟೆಗೆ ಬಂದು "ಮಾಲು ಕಳಪೆ" ಅನ್ನುತ್ತಾರೆ. ಅಲ್ಲಿ ಭಾಷಣ ಮಾಡಿದರೆ ಏನೂ ಬರುವುದಿಲ್ಲ. ಡೆಲಿವರಿ ಚಲನ್ ಕೈಗೆ ಕೊಟ್ಟು ಕೇಳಬೇಕು: ಈ ಸೀಲು ನಿಮ್ಮ ಸ್ಟೋರ್ಸಿನದೇ? ಮಾಲು ಬಂದ ಮೇಲೆ ಇನ್‌ಸ್ಪೆಕ್ಷನ್ ಮಾಡಿದಿರಾ? ರಿಪೋರ್ಟ್ ಎಲ್ಲಿ? ರಿಜೆಕ್ಷನ್ ನೋಟ್ ಯಾವ ತಾರೀಕಿನದು? ಈ ಪಾರ್ಟ್‌ಗಳನ್ನು ಅಸೆಂಬ್ಲಿಗೆ ಹಾಕಿದಿರಾ? ಹಾಕಿದ ಮೇಲೆ ಮತ್ತೆ ಅದೇ ಪಾರ್ಟಿಗೆ ಆರ್ಡರ್ ಕೊಟ್ಟಿರಾ? 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಂ ಪ್ರಕಾರ, ಬೇಡವೆಂದು ತಿಳಿಸದೆ ಯುಕ್ತ ಸಮಯ ಮೀರಿ ಮಾಲನ್ನು ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ. ಈ ಕಲಮು ಎಲ್ಲ ವಕೀಲರಿಗೂ ಗೊತ್ತು. ಅದರ ಒಂದೊಂದು ಅಂಶವನ್ನೂ ಎದುರು ಸಾಕ್ಷಿಯ ಬಾಯಿಂದ ಹೊರಡಿಸುವುದು ಮಾತ್ರ ಕೋರ್ಟಿನಲ್ಲಿ ನಿಂತು ನಿಂತು ಬರುವ ವಿದ್ಯೆ.

ಆದ್ದರಿಂದ ನೇರವಾಗಿ ಕೇಳಿ: ಕಮರ್ಷಿಯಲ್ ಕೋರ್ಟಿನಲ್ಲಿ ಕೊನೆಯ ಸಲ ಪಾಟೀಸವಾಲು ಮಾಡಿದ್ದು ಯಾವಾಗ, ನೀವೇ ಮಾಡಿದಿರಾ, ಅಥವಾ ಸೀನಿಯರ್ ಮಾಡಿದಾಗ ಜೊತೆಗಿದ್ದಿರಾ? ಎರಡನೆಯದು, ಡಿಕ್ರಿ ಆದ ಮೇಲೆ ಹಣ ಕೈಗೆ ಬಂದ ಕೇಸು ಯಾವುದು? ಅಮಲ್ಜಾರಿ, ಅಂದರೆ ಡಿಕ್ರಿಯ ಹಣ ವಸೂಲಿ, ನಡೆಸಿದ ಅನುಭವ ಇಲ್ಲದವರಿಗೆ ಡಿಕ್ರಿಯೇ ಕೊನೆ ಅನಿಸುತ್ತದೆ. 2021ರಲ್ಲಿ ರಾಹುಲ್ ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಅಂತ ಹೇಳಿತು. ಆ ಪ್ರಕರಣ ನಮ್ಮ ಕರ್ನಾಟಕದಿಂದಲೇ ಹೋದದ್ದು. ಆದರೂ ಆಸ್ತಿ ಎಲ್ಲಿದೆ, ಬ್ಯಾಂಕ್ ಖಾತೆ ಯಾವುದು ಅಂತ ಡಿಕ್ರಿದಾರರೇ ಹುಡುಕಿ ಕೊಡಬೇಕಾದ ಪರಿಸ್ಥಿತಿ ಹೋಗಿಲ್ಲ. ಅದನ್ನು ದಾವೆ ಹಾಕುವ ದಿನವೇ ಯೋಚಿಸುವ ವಕೀಲರು ಬೇಕು.

ಪೀಣ್ಯ_ಲೇತ್

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಧ್ಯಸ್ಥಿಕೆ ವಿಷಯ ಹಿರಿಯರು ಹೇಳಲಿಲ್ಲ, ಮೇಡಂ ಹೇಳಿದರು. ಆದರೆ ಹಿರಿಯರು ಕೂತ ತಕ್ಷಣ "ಪರ್ಚೇಸ್ ಆರ್ಡರ್ ಹಿಂದಿನ ಪುಟ ತೋರಿಸಿ" ಅಂದರು. ಅದರಲ್ಲಿ ಸಣ್ಣ ಅಕ್ಷರದಲ್ಲಿ ಆರ್ಬಿಟ್ರೇಷನ್ ಅಂತಲೂ ಅವರ ಊರಿನ ಕೋರ್ಟೇ ಅಂತಲೂ ಇದೆ! ನಾನು ಇಷ್ಟು ವರ್ಷ ಆ ಪುಟ ತಿರುವಿಯೇ ನೋಡಿರಲಿಲ್ಲ. ಅವರ ಅನುಭವವೂ ಕಡಿಮೆಯದಲ್ಲ ಅಂತ ಅನಿಸಿತು. ಇವರು ಹೇಳಿಕೊಳ್ಳುವುದು ನಿಜವೋ ಅಂತ ಪರೀಕ್ಷೆ ಮಾಡುವ ದಾರಿ ಇದೆಯಾ?

ಕಂಪನಿ_ಲೀಗಲ್

ಇದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಅಥವಾ ಸನ್ನದು (ಬಾರ್ ಕೌನ್ಸಿಲ್ ನೋಂದಣಿ) ಸಂಖ್ಯೆಯಿಂದ ಕೇಸುಗಳನ್ನು ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಹೆಸರಿನ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಸಂಖ್ಯೆಯೇ ಉತ್ತಮ. ಕರ್ನಾಟಕದಲ್ಲಿ ನೋಂದಾಯಿಸಿದವರದು ಕೆಎಆರ್ ಅಂತ ಶುರುವಾಗಿ ವರ್ಷದಿಂದ ಮುಗಿಯುತ್ತದೆ. ಆ ವರ್ಷ ನೋಡಿದರೆ ಎಷ್ಟು ವರ್ಷದ ಪ್ರಾಕ್ಟೀಸ್ ಅನ್ನುವುದೂ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಕೇಸಿನಲ್ಲಿ ಹೆಸರು ಇದ್ದ ಮಾತ್ರಕ್ಕೆ ಅವರೇ ವಾದಿಸಿದರು ಅಂತಲ್ಲ. ದಿನವಾರು ಆದೇಶಗಳನ್ನು ತೆರೆದು ಓದಿ. "ಪಿಡಬ್ಲ್ಯು 1ರ (ವಾದಿಯ ಮೊದಲ ಸಾಕ್ಷಿಯ) ಪಾಟೀಸವಾಲು ಭಾಗಶಃ" ಅಂತಿದೆಯೋ, ಬರೀ "ವಕೀಲರು ಸಮಯ ಕೋರಿದರು" ಅಂತಿದೆಯೋ ನೋಡಿದರೆ ಆಫೀಸಿನ ಸ್ವಭಾವ ತಿಳಿಯುತ್ತದೆ.

ನಾನು ಒಂದು ಕಂಪನಿಯ ಕಾನೂನು ವಿಭಾಗದಲ್ಲಿದ್ದೇನೆ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮವಿದೆ, ಹಾಗಾಗಿ ನನ್ನ ಸನ್ನದು ಅಮಾನತಿನಲ್ಲಿಟ್ಟಿದ್ದೇನೆ. ವಕೀಲರನ್ನು ನೇಮಿಸುವುದೇ ನನ್ನ ಕೆಲಸ, ಆ ಕಡೆಯಿಂದ ಎರಡು ಮಾತು.

ಸಿವಿಲ್ ಸೈಡ್ ಅವರ ಮಾತಿಗೆ ಒಂದು ತಿದ್ದುಪಡಿ ಬೇಕು. ಫರ್ಮ್ ಹಿನ್ನೆಲೆಯನ್ನು ಅಷ್ಟು ಹಗುರವಾಗಿ ನೋಡಬೇಡಿ. ಸಾವಿರಾರು ಇಮೇಲ್ ಇರುವ ಕೇಸಿನಲ್ಲಿ ಅವನ್ನು ತಾರೀಕುವಾರು ಜೋಡಿಸಿ, ಯಾವುದು ಒಪ್ಪಿಗೆ ಯಾವುದು ತಕರಾರು ಅಂತ ಪಟ್ಟಿ ಮಾಡುವ ಶಿಸ್ತು ಅಲ್ಲಿ ಕಲಿಸುತ್ತಾರೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ವಾಟ್ಸಾಪ್, ಇಮೇಲ್ ಸಾಕ್ಷ್ಯಕ್ಕೆ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು, ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಅಂತ ತೋರಿಸುವ ಸಂಕೇತ) ಸಮೇತ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ನಮೂನೆಯನ್ನೇ ತಾರೀಕು ಬದಲಿಸಿ ಹಾಕುವುದನ್ನು ನಾನು ಈಗಲೂ ನೋಡುತ್ತೇನೆ.

ಫರ್ಮ್ ಆಗಲಿ ಸ್ವಂತ ಆಫೀಸಾಗಲಿ, ಕೋರ್ಟಿನಲ್ಲಿ ನಿಲ್ಲುವವರು ಯಾರು ಅಂತ ಬರಹದಲ್ಲಿ ಪಡೆಯಿರಿ. ಮೀಟಿಂಗಿಗೆ ಹಿರಿಯರು, ಮುದ್ದತಿಗೆ ಹೋದ ವರ್ಷ ಸನ್ನದು ಪಡೆದವರು ಅನ್ನುವುದು ಆಗಬಾರದು. ಎದುರು ಕಂಪನಿಗೆ ಯಾವತ್ತಾದರೂ ಕೆಲಸ ಮಾಡಿದ್ದಾರಾ ಅಂತಲೂ ಕೇಳಿ. ಇನ್ನೊಂದು, "ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರ ಹತ್ತಿರ ಹೋಗಲೇಬೇಡಿ. ಫಲಿತಾಂಶಕ್ಕೆ ಕಟ್ಟಿದ ಫೀಸು ನಮ್ಮಲ್ಲಿ ನಿಷಿದ್ಧ. ಹಂತಹಂತವಾಗಿ ಫೀಸು ಮಾತಾಡಿ: ನೋಟಿಸು, ಮಧ್ಯಸ್ಥಿಕೆ, ದಾವೆ, ಸಾಕ್ಷಿ, ವಾದ, ಅಮಲ್ಜಾರಿ.

ಲೆಕ್ಕ_ಪತ್ರ

ನಾನು ಸಿಎ. ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಪೀಣ್ಯ ಅವರೇ, ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದ ನೋಂದಣಿ) ಆಗಿದೆಯಾ? ಆಗಿದ್ದರೆ ಯಾವ ವರ್ಷ, ಈ ಆರ್ಡರುಗಳಿಗೆ ಮುಂಚೆಯೋ?

2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಅರ್ಜಿ ಹಾಕುವುದು ಈ ಬಾಕಿಗಳ ವ್ಯಾಜ್ಯ ನೋಡುವ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ. ಖರೀದಿದಾರ ದೇಶದ ಯಾವ ಮೂಲೆಯಲ್ಲಿದ್ದರೂ ಮಾಲು ಕೊಟ್ಟವರ ಊರಿನ ಕೌನ್ಸಿಲ್‌ಗೆ ಅಧಿಕಾರವಿದೆ. ಪರ್ಚೇಸ್ ಆರ್ಡರಿನಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದರೂ ಈ ಕಾಯ್ದೆಯೇ ಮೇಲು ಅಂತ 2022ರಲ್ಲಿ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ತೀರ್ಪಾಗಿದೆ. ಕೌನ್ಸಿಲ್ ಕೊಟ್ಟ ಅವಾರ್ಡನ್ನು (ತೀರ್ಪನ್ನು) ಪ್ರಶ್ನಿಸಬೇಕಾದರೆ ಖರೀದಿದಾರರು ಮೊತ್ತದ 75 ಪರ್ಸೆಂಟ್ ಠೇವಣಿ ಇಡಬೇಕು. ನಿಮ್ಮ ವಕೀಲರಿಗೆ ಈ ದಾರಿ ಗೊತ್ತಿಲ್ಲದಿದ್ದರೆ, ಅಥವಾ ಗೊತ್ತಿದ್ದೂ ಹೇಳದಿದ್ದರೆ, ಅದೇ ನಿಮಗೆ ಉತ್ತರ.

ಕಮರ್ಷಿಯಲ್ ವಕೀಲರಿಗೆ ಲೆಜರ್ ಓದಲು ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಇನ್‌ವಾಯ್ಸ್ ಮೇಲೆ ಆ ಕಂಪನಿ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿ ಬಿಲ್ಲಿನ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆಯುವುದು) ತಗೊಂಡಿದೆಯಾ? ಮಾಲು ಕಳಪೆ ಅಂತ ವಾದಿಸುವವರು ಅದೇ ಬಿಲ್ಲಿನ ಕ್ರೆಡಿಟ್ ಇಟ್ಟುಕೊಂಡು, ಬಿಲ್ಲಿನ ಮೊತ್ತ ಕಡಿತ ಮಾಡಿದ್ದೇವೆ ಅನ್ನುವ ಡೆಬಿಟ್ ನೋಟ್ ಕೂಡ ಕಳಿಸದೆ ಕೂತಿದ್ದರೆ ಪಾಟೀಸವಾಲಿಗೆ ಅದಕ್ಕಿಂತ ಒಳ್ಳೆಯ ಸರಕು ಬೇಕಾ? 180 ದಿನದೊಳಗೆ ಹಣ ಕೊಡದಿದ್ದರೆ ಆ ಕ್ರೆಡಿಟ್ಟನ್ನೇ ವಾಪಸ್ ಮಾಡಬೇಕು ಅಂತ ನಿಯಮವಿದೆ. ಜಾಬ್‌ವರ್ಕ್ ಬಿಲ್‌ಗಳಿದ್ದರೆ ನಿಮ್ಮ 26ಎಎಸ್ (ಆದಾಯ ತೆರಿಗೆ ಇಲಾಖೆಯ ತೆರಿಗೆ ವಿವರ ಪಟ್ಟಿ) ತೆರೆದು ಅವರು ಟಿಡಿಎಸ್ ಕಟ್ಟಿದ್ದಾರಾ ನೋಡಿ. ಬಿಲ್ಲನ್ನು ಪುಸ್ತಕದಲ್ಲಿ ಏರಿಸಿಕೊಂಡಿದ್ದರು ಅನ್ನುವುದಕ್ಕೆ ಅದು ಅವರದೇ ಸಾಕ್ಷಿ.

ನಿವೃತ್ತ_ಶಿರಸ್ತೇದಾರ್

ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ವಕೀಲರ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ, ಕಂಡದ್ದು ಹೇಳುತ್ತೇನೆ.

ಮುಖ್ಯ ವಿಚಾರಣೆಯ ಪ್ರಮಾಣಪತ್ರ, ಅಂದರೆ ಸಾಕ್ಷಿಯ ಲಿಖಿತ ಹೇಳಿಕೆ, ಇಂಗ್ಲಿಷಿನಲ್ಲಿ ಟೈಪ್ ಆಗಿರುತ್ತದೆ. ಸಹಿ ಹಾಕುವವರು ಫ್ಯಾಕ್ಟರಿಯ ಸ್ಟೋರ್ ಕೀಪರ್, ಕನ್ನಡ ಮೀಡಿಯಂನಲ್ಲಿ ಓದಿದವರು. ಪಾಟೀಸವಾಲಿನಲ್ಲಿ ಎದುರು ವಕೀಲರ ಮೊದಲ ಪ್ರಶ್ನೆಯೇ "ಇದರಲ್ಲಿ ಏನು ಬರೆದಿದೆ ಅಂತ ನಿಮಗೆ ಗೊತ್ತಾ? ಯಾರು ಓದಿ ಹೇಳಿದರು?" ಆ ಮನುಷ್ಯ ಪಾಪ, "ವಕೀಲರು ಸಹಿ ಮಾಡಿ ಅಂದ್ರು, ಮಾಡ್ದೆ" ಅಂದುಬಿಡುತ್ತಾರೆ. ಅವರು ನಿಜವನ್ನೇ ಹೇಳಿದ್ದು, ಮಾಲು ಕಳಿಸಿದ್ದೂ ನಿಜ, ಆದರೂ ಕೇಸು ಅಲ್ಲೇ ಸಡಿಲವಾಗುತ್ತದೆ. ನಾನು ಕಂಡ ಒಳ್ಳೆಯ ವಕೀಲರು ಸಾಕ್ಷಿಯನ್ನು ಆಫೀಸಿಗೆ ಕರೆಸಿ, ಕಾಫಿ ಕೊಟ್ಟು, ಒಂದೊಂದು ಪ್ಯಾರಾವನ್ನೂ ಕನ್ನಡದಲ್ಲಿ ಹೇಳಿ, "ಇದು ಹೀಗೇ ಆಯ್ತಾ? ಅಲ್ಲದಿದ್ದರೆ ಈಗಲೇ ಹೇಳಿ" ಅಂತ ತಿದ್ದಿಸಿಕೊಂಡು ಆಮೇಲೆ ಸಹಿ ಹಾಕಿಸುತ್ತಿದ್ದರು. ದೊಡ್ಡ ಕಾಲೇಜಿನವರಲ್ಲೂ ಅಂಥವರಿದ್ದರು, ಸಣ್ಣ ಕಾಲೇಜಿನವರಲ್ಲೂ ಇದ್ದರು. ನಿಮ್ಮ ಸ್ಟೋರಿನವರನ್ನು ಭೇಟಿ ಮಾಡಬೇಕು ಅಂತ ಇಬ್ಬರಲ್ಲಿ ಯಾರಾದರೂ ಕೇಳಿದರಾ?

ಐದನೇ_ಸೆಮಿಸ್ಟರ್

ನಾನು ಕಾನೂನು ವಿಶ್ವವಿದ್ಯಾಲಯದ ಅಡಿಯ ಒಂದು ಕಾಲೇಜಿನಲ್ಲಿ ಐದು ವರ್ಷದ ಕೋರ್ಸ್ ಓದುತ್ತಿದ್ದೇನೆ, ಊರು ಚಿತ್ರದುರ್ಗ. ಈ ಚರ್ಚೆ ಓದಿ ಕಮರ್ಷಿಯಲ್ ಲಿಟಿಗೇಷನ್ ಮಾಡಬೇಕು ಅನಿಸಿದೆ. ಆದರೆ ಎಲ್ಲರೂ "ನ್ಯಾಷನಲ್ ಲಾ ಸ್ಕೂಲ್ ಆಗಿರಬೇಕು" ಅಂತಾರೆ. ನನ್ನಂಥವರಿಗೆ ದಾರಿ ಇದೆಯಾ ಸರ್? ಮನೆಯಿಂದ ಬೆಂಗಳೂರಿನ ಖರ್ಚು ಕೊಡುವ ಸ್ಥಿತಿ ಇಲ್ಲ.

ಸಿವಿಲ್_ಸೈಡ್

ತಮ್ಮಾ, ಖಂಡಿತ ಇದೆ. ಕಾಲೇಜಿನ ಹೆಸರು ಮೊದಲ ಕೆಲಸ ಸಿಗುವವರೆಗೆ ನೆರವಾಗುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆಮೇಲೆ ಲೆಕ್ಕಕ್ಕೆ ಬರುವುದು ಯಾರ ಆಫೀಸಿನಲ್ಲಿ ಕಲಿತೆ ಅನ್ನುವುದು. ಮುಂಬೈಯಲ್ಲಿ ಸರ್ ಜಮ್‌ಷೆಡ್‌ಜಿ ಕಾಂಗಾ ಅವರ ಚೇಂಬರಿನಿಂದ ನಾನಿ ಪಾಲ್ಖಿವಾಲಾ, ಫಾಲಿ ನಾರಿಮನ್, ಸೋಲಿ ಸೊರಾಬ್ಜಿಯಂಥ ಹೆಸರಾಂತ ವಕೀಲರು ಬಂದರು. ಅವರನ್ನು ಇವತ್ತಿಗೂ ಆ ಚೇಂಬರಿನ ಹೆಸರಿನಿಂದಲೇ ಗುರುತಿಸುತ್ತಾರೆ.

ಮೊದಲ ಎರಡು ಮೂರು ವರ್ಷ ಟ್ರಯಲ್ (ಸಾಕ್ಷಿ ವಿಚಾರಣೆ) ನಡೆಸುವ ಆಫೀಸಿಗೆ ಸೇರು. ದಾವೆ ಬರೆಯುವುದು, ಕೋರ್ಟ್ ಕಚೇರಿ ತೋರಿಸಿದ ಲೋಪ (ಆಫೀಸ್ ಆಬ್ಜೆಕ್ಷನ್) ಸರಿಪಡಿಸುವುದು, ನಕಲು ಅರ್ಜಿ ಹಾಕುವುದು, ಸೀನಿಯರ್ ಪಾಟೀಸವಾಲು ಮಾಡುವಾಗ ಪಕ್ಕದಲ್ಲಿ ಕೂತು ಉತ್ತರ ಬರೆದುಕೊಳ್ಳುವುದು, ಎಲ್ಲ ಮಾಡು. ಆಮೇಲೆ ಬೇಕಾದರೆ ಫರ್ಮ್‌ಗೆ ಹೋಗು. ಓದುವಾಗಲೇ ಒಪ್ಪಂದ ಕಾಯ್ದೆ, ಸರಕು ಮಾರಾಟ ಕಾಯ್ದೆ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಗಟ್ಟಿ ಮಾಡಿಕೋ. ಬ್ಯಾಲೆನ್ಸ್ ಶೀಟ್ ಓದುವುದನ್ನು ಯಾವುದಾದರೂ ಸಿಎ ಆಫೀಸಿನಲ್ಲಿ ಕೂತು ಕಲಿ.

ಹಣದ ವಿಷಯ ಮುಚ್ಚಿಡುವುದಿಲ್ಲ. ವಕೀಲರಾಗಿ ನೋಂದಾಯಿಸುವ ಶುಲ್ಕವನ್ನು ವಕೀಲರ ಕಾಯ್ದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ತಗೊಳ್ಳಬಾರದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿನ್ನಂಥವರಿಗೆ ದೊಡ್ಡ ಅನುಕೂಲ. ಅದೇ ವರ್ಷ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಶಿಫಾರಸು ಅಷ್ಟೇ. ಅಷ್ಟು ಕೊಡದ ಆಫೀಸುಗಳು ನಮ್ಮ ಸುತ್ತ ಬೇಕಾದಷ್ಟಿವೆ, ಮತ್ತು ಇದು ನಮ್ಮ ವೃತ್ತಿಗೆ ನಾಚಿಕೆಗೇಡು ಅಂತ ನಾನು ನಂಬುತ್ತೇನೆ. ಮನೆಯಲ್ಲಿ ಅನುಕೂಲ ಇದ್ದವರಷ್ಟೇ ಮೊದಲ ಮೂರು ವರ್ಷ ತಡೆದುಕೊಳ್ಳಬಲ್ಲರು ಅಂದರೆ ಒಳ್ಳೆಯವರೆಷ್ಟೋ ಜನ ಅಲ್ಲೇ ಬಿಟ್ಟು ಹೋಗುತ್ತಾರೆ. ಸಂದರ್ಶನದಲ್ಲಿ ಸ್ಟೈಪೆಂಡ್ ಕೇಳಲು ಹಿಂಜರಿಯಬೇಡ.

ಹುಬ್ಬಳ್ಳಿ_ಅರಳಿ

ತಮ್ಮಾ, ಚಿತ್ರದುರ್ಗದಾಗ, ದಾವಣಗೆರೆಯಾಗ ಸುದ್ದಾ ವ್ಯಾಪಾರಸ್ಥರ ಕೇಸು ಬೇಕಾದಷ್ಟು ಅದಾವ. ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಮೂರು ಲಕ್ಷಕ್ಕ ಮಿತಿ ಇಳಿಸ್ಯಾರ ಅಂದ್ರ ನಮ್ಮಂಥ ಊರಾಗೂ ಈ ಕಾಯ್ದೆ ತಿಳಿದವ್ರು ಬೇಕ ಬೇಕು. ಇಂಥವರು ಒಬ್ಬರು ಇದ್ದಿದ್ರ ನಮ್ಮ ಕೇಸು ಇಷ್ಟು ಎಳೀತಿದ್ದಿಲ್ಲ.

ಪೀಣ್ಯ_ಲೇತ್

ಎಲ್ಲರಿಗೂ ಮತ್ತೆ ನಮಸ್ಕಾರ. ನೀವು ಹೇಳಿದ ಪ್ರಶ್ನೆಗಳನ್ನೇ ಇಬ್ಬರಿಗೂ ಕೇಳಿದೆ.

ಹಿರಿಯರು ನೇರವಾಗಿ ಹೇಳಿದರು: "ನನ್ನದು ಹೆಚ್ಚಿನದೆಲ್ಲ ಬಾಡಿಗೆ, ಪಾಲು ವಿಭಾಗದ ಕೇಸು. ಕಮರ್ಷಿಯಲ್ ನಡೆಸಿರೋದು ಕೈಬೆರಳೆಣಿಕೆ." ಇ-ಕೋರ್ಟ್ಸ್‌ನಲ್ಲಿ ನೋಡಿದಾಗಲೂ ಹಾಗೇ ಇತ್ತು. ಅವರ ಪ್ರಾಮಾಣಿಕತೆಗೆ ಕೈ ಮುಗಿದು ಬಂದೆ. ಮೇಡಂ ವಿಷಯದಲ್ಲಿ ಒಂದು ಗೊತ್ತಿರಲಿಲ್ಲ. ಮುಂಬೈಗೆ ಹೋಗುವ ಮುಂಚೆ ಅವರು ಮೈಸೂರಿನಲ್ಲಿ ಒಬ್ಬ ಸಿವಿಲ್ ವಕೀಲರ ಹತ್ತಿರ ಜೂನಿಯರ್ ಆಗಿದ್ದರಂತೆ. ಅವರ ಬಯೋಡೇಟಾದಲ್ಲಿ ಅದು ಒಂದೇ ಸಾಲು, ನಾನು ಗಮನಿಸಿರಲೇ ಇಲ್ಲ. ಇಲ್ಲಿನ ಕಮರ್ಷಿಯಲ್ ಕೋರ್ಟಿನ ಆದೇಶಗಳಲ್ಲಿ ಅವರು ಪಾಟೀಸವಾಲು ಮಾಡಿದ್ದು ಕಂಡಿತು. ಸ್ಟೋರಿನ ಹುಡುಗನನ್ನು ಕರೆದುಕೊಂಡು ಬನ್ನಿ ಅಂತಲೂ ಹೇಳಿದ್ದಾರೆ. ಉದ್ಯಮ್ ನೋಂದಣಿ ಆ ಆರ್ಡರುಗಳಿಗೆ ಮುಂಚೆಯೇ ಆಗಿದೆ, ಹಾಗಾಗಿ ಮೊದಲು ಕೌನ್ಸಿಲ್ ಅಂತ ಅವರ ಸಲಹೆ. ವಕಾಲತ್ತಿಗೆ ಸಹಿ ಹಾಕಿದ್ದೇವೆ. ಭಾವನಿಗೂ ಪಾರ್ಟ್ನರ್‌ಗೂ ಇಬ್ಬರಿಗೂ ಸಮಾಧಾನ.

ಸಿವಿಲ್_ಸೈಡ್

ಸಂತೋಷ. ಒಂದು ಕೆಲಸ ಇವತ್ತೇ ಮಾಡಿ. ಬಾಕಿ ಇರುವ ಮೊದಲ ಬಿಲ್ಲಿನ ತಾರೀಕು ನೋಡಿ, ದಾವೆ ಹಾಕಲು ಕಾಲಮಿತಿ ಮೂರು ವರ್ಷ. ಅದು ಮುಗಿಯುವ ಮೊದಲು ಅವರು ಬಾಕಿಯನ್ನು ಒಪ್ಪಿ ಸಹಿ ಹಾಕಿದ ಬ್ಯಾಲೆನ್ಸ್ ಕನ್ಫರ್ಮೇಷನ್ ಇದ್ದರೆ ಆ ತಾರೀಕಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಇಲ್ಲದಿದ್ದರೆ ಮೇಡಂಗೆ ಈಗಲೇ ಫೋನ್ ಮಾಡಿ.

ಪೀಣ್ಯ_ಲೇತ್

ಮೊದಲ ಬಿಲ್ಲಿಗೆ ಇನ್ನು ಏಳು ತಿಂಗಳು ಇದೆ ಸರ್. ಕಳೆದ ಮಾರ್ಚ್‌ನಲ್ಲಿ ಅವರ ಅಕೌಂಟ್ಸ್‌ನವರು ಆಡಿಟ್‌ಗೆ ಅಂತ ಸಹಿ, ಸೀಲು ಹಾಕಿ ಕಳಿಸಿದ ಕನ್ಫರ್ಮೇಷನ್ ಲೆಟರ್ ಫೈಲಿನಲ್ಲಿ ಸಿಕ್ಕಿದೆ. ಅದರಲ್ಲಿ ಪೂರ್ತಿ 38 ಲಕ್ಷವೂ ಇದೆ, ಕ್ವಾಲಿಟಿ ಬಗ್ಗೆ ಒಂದಕ್ಷರವೂ ಇಲ್ಲ. ಮೇಡಂಗೆ ಈಗಷ್ಟೇ ಸ್ಕ್ಯಾನ್ ಮಾಡಿ ಕಳಿಸಿದೆ.